ಸಸ್ಪೆನ್ಶನ್ ಪಾರ್ಟ್ಸ್ ಹಾಕಿಸಿದ್ಮೇಲೆ ಕಾರಿನ ಎತ್ತರ ಸರಿಯಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೀಗೆ

ಹೊಸ ಶಾಕಪ್ಪು, ಸ್ಪ್ರಿಂಗು, ಲೋವರ್ ಆರ್ಮು (ಚಕ್ರಾನ ಬಾಡಿಗೆ ಹಿಡಿದಿರೋ ಕೆಳಗಿನ ತೋಳು) ಎಲ್ಲಾ ಹಾಕ್ಸಿ ಗಾಡಿ ಈಚೆ ತಂದ್ರೆ ಮೂತಿ ಮೇಲಕ್ಕೆ ಎದ್ದು ನಿಂತಿರುತ್ತೆ, ಇಲ್ಲಾ ಒಂದು ಕಡೆ ವಾಲಿರುತ್ತೆ, ಟಯರಿಗೂ ಅದರ ಮೇಲಿನ ಬಾಡಿ ಅಂಚು ಅಂದ್ರೆ ಫೆಂಡರಿಗೂ ಮಧ್ಯೆ ಮೊದ್ಲು ಮೂರು ಬೆರಳು ಹೋಗ್ತಿದ್ದ ಜಾಗದಲ್ಲಿ ಈಗ ಇಡೀ ಅಂಗೈ ಹೋಗುತ್ತೆ. ಮೆಕ್ಯಾನಿಕ್ಕನ್ನ ಕೇಳಿದ್ರೆ ನಮ್ಮ ಮಂಡ್ಯ ಮೈಸೂರು ಕಡೆ ಸಿಗೋ ಉತ್ತರ ಹೆಚ್ಚುಕಮ್ಮಿ ಒಂದೇ: "ಏನಾಗಲ್ಲ ಸಾ, ಓಡ್ತಾ ಓಡ್ತಾ ಕೂತ್ಕತದೆ." ಈ ಮಾತಲ್ಲಿ ಸ್ವಲ್ಪ ನಿಜ ಇದೆ, ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಲ್ಲಿ ಕೆಲವು ಮಿಲಿಮೀಟರ್ ಇಳಿಯುತ್ತೆ. ಆದ್ರೆ 25-30 ಮಿಮೀ ಎದ್ದಿರೋ ಗಾಡಿ ಓಡಿಸಿದ್ದಕ್ಕೇ ತಾನಾಗಿ ಸರಿಹೋಗಲ್ಲ, ಹಾಗೇನಾದ್ರೂ ಇಳಿದ್ರೆ ಬಹಳಷ್ಟು ಸಲ ಒಳಗೆ ಆರ್ಮ್ ಜೋಡಣೇಲಿರೋ ಬುಷ್ ರಬ್ಬರ್ ಹರಿದೇ ಇಳಿದಿರುತ್ತೆ. ಹಾಗಾಗಿ ಕಾಯ್ತಾ ಕೂರಬೇಡಿ, ಟೇಪ್ ತಗೊಂಡು ಅಳತೆ ಮಾಡಿ. ಅಳತೆ ಕೈಲಿದ್ರೆ ಅರ್ಧ ಕಾರಣ ಅಲ್ಲೇ ಗೊತ್ತಾಗುತ್ತೆ, ಗ್ಯಾರೇಜಲ್ಲಿ ಮಾತಾಡೋಕೂ ಒಂದು ಆಧಾರ ಇರುತ್ತೆ.

ಅದಕ್ಕಿಂತ ಮೊದ್ಲು ಒಂದು ವಿಷ್ಯ ಗಟ್ಟಿ ಮಾಡ್ಕೊಳ್ಳಿ, ಗಾಡಿ ತೂಕ ಹೊರೋದು ಸ್ಪ್ರಿಂಗು. ಶಾಕಪ್ ಕೆಲಸ ಏನಿದ್ರೂ ಸ್ಪ್ರಿಂಗ್ ಕುಣಿದಾಟ ನಿಲ್ಲಿಸೋದು. ಗ್ಯಾಸ್ ತುಂಬಿರೋ ಶಾಕಪ್ಪಾದ್ರೆ, ರಾಡನ್ನ ಕೈಯಲ್ಲಿ ಒತ್ತಿ ಬಿಟ್ರೆ ತಾನೇ ಮೇಲಕ್ಕೆ ಬರುತ್ತಲ್ಲ ಅದು, ಗಾಡೀನ ಕೆಲವು ಮಿಮೀ ಎತ್ತಬಹುದು, ಅಷ್ಟೇ. ಅದಕ್ಕೇ "ಶಾಕಪ್ ವೀಕಾಗಿದೆ, ಗಾಡಿ ಕೆಳಗೆ ಕೂತಿದೆ" ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಬಿಚ್ಚೋ ಮುಂಚೆ ಸ್ಪ್ರಿಂಗ್ ನೋಡಿ.

ಎತ್ತರ ಹೆಚ್ಚುಕಮ್ಮಿ ಆದ್ರೆ ಏನಂತೆ, ನೋಡೋಕೆ ತಾನೆ ಅನ್ಬೇಡಿ. ಎತ್ತರ ಬದಲಾದ್ರೆ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರೋ ಕೋನ), ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು) ಎರಡೂ ಬದಲಾಗುತ್ತೆ, ಟಯರ್ ಒಂದು ಅಂಚಲ್ಲಿ ಸವೆಯುತ್ತೆ. ಮುಂದೆ ತುಂಬಾ ಎದ್ದಿದ್ರೆ ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಜಾಯಿಂಟ್ ಜಾಸ್ತಿ ಕೋನದಲ್ಲಿ ತಿರುಗಬೇಕಾಗುತ್ತೆ. ಹಿಂದೆ ಕೂತಿದ್ರೆ ಹೆಡ್‌ಲೈಟ್ ಎದುರಿಗೆ ಬರೋರ ಕಣ್ಣಿಗೇ ಹೊಡೆಯುತ್ತೆ, ನಾಲೆ ಏರಿ ಮೇಲಿನ ಕಿರಿದಾದ ರಸ್ತೇಲಿ ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದಾಗ ಅದು ಎಷ್ಟು ಅಪಾಯ ಅಂತ ಆ ಕಡೆ ಓಡಿಸೋರಿಗೆ ಗೊತ್ತಿರುತ್ತೆ.

ಅಳತೆ ಹೇಗೆ ತಗೋಬೇಕು

ನೆಲದಿಂದ ಫೆಂಡರಿಗೆ ಟೇಪ್ ಹಿಡೀಬೇಡಿ. ಟಯರ್ ಸವೆತ, ಗಾಳಿ ಒತ್ತಡ ಎಲ್ಲಾ ಆ ಲೆಕ್ಕದಲ್ಲಿ ಸೇರ್ಕೊಳ್ಳುತ್ತೆ. ಚಕ್ರದ ನಡುಮಧ್ಯ, ಅಂದ್ರೆ ಹಬ್ಬಿನ ಸೆಂಟರಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಅಳೀರಿ, ನಾಲ್ಕೂ ಚಕ್ರಕ್ಕೂ ಅಳೆದು ಒಂದು ಹಾಳೇಲಿ ಬರ್ಕೊಳ್ಳಿ. ಫೆಂಡರ್ ಅಂಚಲ್ಲಿ ಪ್ರತಿ ಸಲ ಒಂದೇ ಜಾಗ ಸಿಗೋ ಹಾಗೆ ಚಿಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ನಲ್ಲಿ ಗೆರೆ ಹಾಕಿ, ಇಲ್ಲಾಂದ್ರೆ ಅಳೆಯೋದ್ರಲ್ಲೇ 4-5 ಮಿಮೀ ಆ ಕಡೆ ಈ ಕಡೆ ಆಗುತ್ತೆ.

ನೆಲ ಮಟ್ಟಸ ಇರಬೇಕು, ಜನ ತುಂಬಾ ಎಡವೋದು ಇಲ್ಲೇ. ಮನೆ ಮುಂದಿನ ಪೋರ್ಟಿಕೊ ನೋಡೋಕೆ ಸಪಾಟಾಗಿ ಕಂಡ್ರೂ ಮಳೆ ನೀರು ಹರಿದು ಹೋಗ್ಲಿ ಅಂತ ಗೇಟಿನ ಕಡೆ ಇಳಿಜಾರು ಕೊಟ್ಟಿರ್ತಾರೆ, ಮೈಸೂರಿನ ಹಳೇ ಬಡಾವಣೆ ರಸ್ತೆಗಳು ನಡುವೆ ಉಬ್ಬಿ ಎರಡು ಬದಿಗೆ ಇಳಿದಿರ್ತವೆ, ರಸ್ತೆ ಪಕ್ಕ ನಿಲ್ಲಿಸಿ ನೋಡಿ ಗಾಡಿ ಎಡಕ್ಕೆ ವಾಲಿದೆ ಅಂತ ಗಾಬರಿ ಬೀಳೋರು ಎಷ್ಟೋ ಜನ. ಗಾರೆ ಕೆಲಸದವರ ಹತ್ರ ನೀರು ತುಂಬಿದ ಉದ್ದ ಪೈಪ್ ಇರುತ್ತಲ್ಲ ಮಟ್ಟ ನೋಡೋಕೆ, ಅದನ್ನ ತಗೊಂಡು ನಾಲ್ಕು ಚಕ್ರ ನಿಲ್ಲೋ ಜಾಗಾನೂ ಒಂದೇ ಮಟ್ಟದಲ್ಲಿದೆಯಾ ನೋಡಿ, ಹತ್ತು ನಿಮಿಷದ ಕೆಲಸ. ಸುಲಭವಾದ ಇನ್ನೊಂದು ದಾರಿ, ಒಂದೇ ಜಾಗದಲ್ಲಿ ಗಾಡೀನ ಒಂದ್ಸಲ ಈ ಕಡೆ ಮುಖ ಮಾಡಿ, ಇನ್ನೊಂದ್ಸಲ ಆ ಕಡೆ ಮುಖ ಮಾಡಿ ನಿಲ್ಲಿಸಿ ಅಳೀರಿ. ವಾಲೋ ಬದಿ ಬದಲಾದ್ರೆ ತಪ್ಪು ನೆಲದ್ದು.

ಟಯರ್ ಗಾಳಿ ಡ್ರೈವರ್ ಡೋರ್ ಹತ್ರ ಇರೋ ಸ್ಟಿಕ್ಕರಲ್ಲಿ ಇರೋಷ್ಟೇ ಹಾಕ್ಸಿ. ಡಿಕ್ಕೀಲಿ ಸ್ಟೆಪ್ನಿ ಬಿಟ್ಟು ಬೇರೆ ಸಾಮಾನೆಲ್ಲಾ ಇಳಿಸಿ, ಒಳಗೆ ಯಾರೂ ಕೂತಿರಬಾರದು. ಆಮೇಲಿಂದ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿರೋ ಗಾಡಿ ಆದ್ರೆ ಸಿಲಿಂಡರ್ ತೂಕಕ್ಕೆ ಹಿಂದೆ ಕೂರೋದು ಸಹಜ, ಅದನ್ನ ಸ್ಪ್ರಿಂಗ್ ತಪ್ಪು ಅಂದ್ಕೋಬೇಡಿ.

ಕಂಪನಿ ಕೊಟ್ಟಿರೋ ಅಳತೆ ವರ್ಕ್‌ಶಾಪ್ ಮ್ಯಾನ್ಯುಯಲ್ಲಲ್ಲಿ ಇರುತ್ತೆ, ಅದು ಸಿಗಲಿಲ್ಲಾಂದ್ರೆ ಅದೇ ಮಾಡೆಲ್ಲು, ಅದೇ ಇಂಜಿನ್ನು, ಅದೇ ಟಯರ್ ಸೈಜು, ಸಸ್ಪೆನ್ಶನ್ ಮುಟ್ಟದೇ ಇರೋ ಇನ್ನೊಂದು ಗಾಡಿ ಹುಡುಕಿ ಅಳೀರಿ. ಸ್ವಿಫ್ಟು, ವ್ಯಾಗನ್ ಆರ್, ಐ20 ಇಂಥವಾದ್ರೆ ಪಕ್ಕದ ಬೀದೀಲೇ ಸಿಗುತ್ತೆ, ಓನರ್ ಹತ್ರ ಒಂದು ಮಾತು ಕೇಳಿದ್ರೆ ಯಾರೂ ಬೇಡ ಅನ್ನಲ್ಲ. ಎಡ ಬಲ ವ್ಯತ್ಯಾಸ ಸಾಮಾನ್ಯವಾಗಿ 10 ಮಿಮೀ ಒಳಗಿದ್ರೆ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ, ಅದಕ್ಕಿಂತ ಜಾಸ್ತಿ ಇದ್ರೆ ಹುಡುಕಬೇಕು. ಇನ್ನೊಂದು, ಮುಂದೆ ಮಾತ್ರ ಹೊಸ ಸ್ಪ್ರಿಂಗ್ ಹಾಕ್ಸಿದ್ರೆ ಮೂತಿ ಎದ್ದ ಹಾಗೆ ಕಂಡೇ ಕಾಣುತ್ತೆ, ಯಾಕಂದ್ರೆ ಹಿಂದಿನ ಹಳೇ ಸ್ಪ್ರಿಂಗ್ ವರ್ಷಗಟ್ಟಲೆ ಭಾರ ಹೊತ್ತು ಕುಸಿದಿರುತ್ತೆ. ಅಲ್ಲಿ ಸರಿಯಿಲ್ಲದೇ ಇರೋದು ಹಿಂದಿನದು.

ಅಳೆಯೋ ಮುಂಚೆ ಗಾಡಿ ಕೂರಿಸಿ

ಜಾಕಿ ಇಳಿಸಿದ ತಕ್ಷಣ ಅಳೆದ್ರೆ ಲೆಕ್ಕಕ್ಕೇ ಬರಲ್ಲ. ಚಕ್ರ ಗಾಳೀಲಿ ನೇತಾಡುವಾಗ ಒಳಮುಖ ಹೋಗಿರುತ್ತೆ, ಇಳಿಸಿದಾಗ ಟಯರ್ ನೆಲ ಕಚ್ಚಿ ಹಿಡ್ಕೊಳ್ಳೋದ್ರಿಂದ ಹೊರಗೆ ಜಾರೋಕಾಗದೆ ಗಾಡಿ ಮೇಲೇ ನಿಂತುಬಿಡುತ್ತೆ. ಒಂದಿಷ್ಟು ದೂರ ಮುಂದೆ ಹಿಂದೆ ಓಡಿಸಿ, ಒಂದೆರಡು ಹಂಪ್ ನಿಧಾನಕ್ಕೆ ದಾಟಿಸಿ, ಆಮೇಲೆ ನಾಲ್ಕೂ ಮೂಲೆ ಒತ್ತಿ ಒತ್ತಿ ಬಿಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ ಅಳೀರಿ. ಎಷ್ಟೋ ಗಾಡಿಗಳ ಸಮಸ್ಯೆ ಇಲ್ಲೇ ಮುಗಿಯುತ್ತೆ.

ಎಲ್ಲಕ್ಕಿಂತ ಮೊದ್ಲು ಅನುಮಾನ ಪಡಬೇಕಾಗಿದ್ದು ಬುಷ್

ಲೋವರ್ ಆರ್ಮ್ ಬುಷ್ ಹೇಗಿರುತ್ತೆ ಅಂದ್ರೆ, ಒಳಗೆ ಒಂದು ಕಬ್ಬಿಣದ ಕೊಳವೆ, ಅದರ ಸುತ್ತ ರಬ್ಬರ್ ಗಟ್ಟಿಯಾಗಿ ಅಂಟಿಸಿರ್ತಾರೆ, ಅದರ ಹೊರಗೆ ಇನ್ನೊಂದು ಕಬ್ಬಿಣದ ಬಳೆ. ಬೋಲ್ಟ್ ಟೈಟ್ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಂಡು ಅಲ್ಲಾಡದ ಹಾಗೆ ಆಗುತ್ತೆ, ಅಲ್ಲಿಂದಾಚೆ ಆರ್ಮ್ ಮೇಲೆ ಕೆಳಗೆ ಹೋಗಬೇಕು ಅಂದ್ರೆ ರಬ್ಬರ್ ತಿರುಚಿಕೊಂಡೇ ಹೋಗಬೇಕು. ಈಗ ಯೋಚ್ನೆ ಮಾಡಿ, ಗಾಡಿ ಲಿಫ್ಟ್ ಮೇಲೆ ಇದ್ದು ಚಕ್ರ ಕೆಳಗೆ ನೇತಾಡ್ತಾ ಇರೋವಾಗಲೇ ಬೋಲ್ಟ್ ಪೂರ್ತಿ ಬಿಗಿದ್ರೆ, ರಬ್ಬರಿಗೆ ಆ ನೇತಾಡೋ ಸ್ಥಿತೀನೇ ಆರಾಮ ಅಂತ ಆಗೋಗುತ್ತೆ. ಗಾಡಿ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಆರ್ಮನ್ನ ಕೆಳಕ್ಕೆ ತಳ್ತಾ ಗಾಡೀನ ಮೇಲಕ್ಕೆ ಎತ್ತಿ ಹಿಡಿಯುತ್ತೆ, ಒಂದೊಂದು ಹಂಪಲ್ಲೂ ಇನ್ನಷ್ಟು ತಿರುಚಿ ಸ್ವಲ್ಪ ದಿನಕ್ಕೆ ಹರಿಯುತ್ತೆ. ಹೊಸ ಬುಷ್ಷು ಬೇಗ ಹೋಗೋದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು, ಮಾಲು ಡೂಪ್ಲಿಕೇಟ್ ಅಂತ ಬೈಸ್ಕೊಳ್ಳೋದು ಮಾತ್ರ ಸ್ಪೇರ್ಸ್ ಅಂಗಡಿಯವನು.

ಪಾಂಡವಪುರದ ನಮ್ಮ ಭಾವನ ಸ್ವಿಫ್ಟಲ್ಲಿ ಮುಂದೆ ಎರಡೂ ಕಡೆ ಶಾಕಪ್ಪು, ಸ್ಪ್ರಿಂಗು, ಲೋವರ್ ಆರ್ಮ್ ಎಲ್ಲಾ ಹೊಸದು ಹಾಕಿಸಿದ್ರು, ಅದೇ ಮಾಡೆಲ್ಲಿನ ಬೇರೆ ಗಾಡಿಗೆ ಹೋಲಿಸಿದ್ರೆ 25 ಮಿಮೀ ಎತ್ತರ. ಸ್ಪ್ರಿಂಗ್ ಬದಲಾಯಿಸೋದಾ ಅಂತ ಮಾತು ನಡೀತಿತ್ತು. ಅಲೈನ್‌ಮೆಂಟ್ ಶಾಪಿನ ನಾಲ್ಕು ಕಂಬದ ಲಿಫ್ಟ್ ಮೇಲೆ ಹತ್ತಿಸಿ, ಆ ಲಿಫ್ಟಲ್ಲಿ ಚಕ್ರ ಪಟ್ಟಿ ಮೇಲೇ ನಿಂತಿರುತ್ತಲ್ಲ, ಹಾಗೆ ಭಾರ ಚಕ್ರದ ಮೇಲಿದ್ದಂಗೇ ಆರ್ಮಿನ ಒಳಬದಿ ಬೋಲ್ಟ್ ಸಡಿಲ ಮಾಡಿಸಿದ್ವಿ. ನಟ್ ಅರ್ಧ ಸುತ್ತು ಬಿಡೋ ಹೊತ್ತಿಗೆ "ಟಕ್" ಅಂತ ಸದ್ದು ಬಂತು, ಬುಷ್ ಕೊಳವೆ ಮೇಲೂ ಬ್ರಾಕೆಟ್ ಮೇಲೂ ಸೇರಿಸಿ ಎಳೆದಿದ್ದ ಬಿಳೀ ಪೇಂಟಿನ ಗೆರೆ ಎರಡು ತುಂಡಾಗಿ ಒಂದರ ಪಕ್ಕ ಒಂದು ಜರುಗಿ ನಿಂತಿತ್ತು. ಗಾಡೀನ ಕೈಯಲ್ಲಿ ಹಿಂದೆ ಮುಂದೆ ತಳ್ಳಿ, ಬಾನೆಟ್ ಹತ್ರ ಒತ್ತಿ ಅಳೆದಾಗ 16 ಮಿಮೀ ಇಳಿದಿತ್ತು. ಉಳಿದ 9 ಮಿಮೀ ಹೊಸ ಸ್ಪ್ರಿಂಗಿಗೂ ಆ ಬೇರೆ ಗಾಡಿಯ ಕುಸಿದ ಹಳೇ ಸ್ಪ್ರಿಂಗಿಗೂ ಇರೋ ವ್ಯತ್ಯಾಸ. ಒಂದು ರೂಪಾಯಿ ಪಾರ್ಟ್ಸ್ ಹಾಕಿಲ್ಲ.

ನೀವು ಮಾಡೋದಾದ್ರೆ ಹೀಗೆ ಮಾಡಿ. ಬೋಲ್ಟ್ ತೆಗೀಬೇಡಿ, ಕೊಳವೆ ಬಿಡುಗಡೆ ಆಗೋಷ್ಟು ಮಾತ್ರ ಸಡಿಲಿಸಿ, ಆ ಸ್ಥಿತೀಲಿ ಗಾಡಿ ರಸ್ತೆಗೆ ತಗೊಂಡು ಹೋಗಬೇಡಿ, ಕೈಯಲ್ಲಿ ತಳ್ಳಿ ಕೂರಿಸಿ, ಅಳೆದು, ಅದೇ ಎತ್ತರದಲ್ಲೇ ಮ್ಯಾನ್ಯುಯಲ್ ಹೇಳೋ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗೀರಿ. ನಾಲ್ಕು ಕಂಬದ ಲಿಫ್ಟು, ಪಿಟ್ಟು ಎರಡೂ ಇಲ್ಲಾಂದ್ರೆ ಬಾಡೀನ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆರ್ಮಿನ ಹೊರತುದಿ ಕೆಳಗೆ ಜಾಕಿ ಕೊಟ್ಟು ನಿಧಾನಕ್ಕೆ ಎತ್ತಿ, ಹಬ್ಬಿಂದ ಫೆಂಡರಿಗೆ ಸರಿಯಾದ ಅಳತೆ ಬಂದಾಗ ಬಿಗೀಬಹುದು, ಬಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳೋ ಹಾಗಾದ್ರೆ ತಕ್ಷಣ ನಿಲ್ಲಿಸಿ. ಬರೀ ಜಾಕಿ ನಂಬ್ಕೊಂಡು ಗಾಡಿ ಕೆಳಗೆ ತಲೆ ಹಾಕಲೇಬೇಡಿ, ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ.

ಹಿಂದಿನ ಆಕ್ಸಲ್ ಬೀಮನ್ನ (ಹಿಂದಿನ ಎರಡು ಚಕ್ರ ಸೇರಿಸೋ ಅಡ್ಡ ತೊಲೆ) ಬಾಡಿಗೆ ಹಿಡಿದಿರೋ ಬುಷ್ಷಿಗೂ, ಶಾಕಪ್ ಕೆಳಗಿನ ಕಣ್ಣಿನ ಬುಷ್ಷಿಗೂ ಇದೇ ಮಾತು.

ಆಮೇಲೆ ಸ್ಪ್ರಿಂಗ್

ಬುಷ್ ಸಡಿಲಿಸಿದ್ರೂ ಎತ್ತರ ಇಳೀಲಿಲ್ಲ ಅಂದ್ರೆ ಸ್ಪ್ರಿಂಗ್ ನೋಡಿ. ಹಳೇದನ್ನ ಗ್ಯಾರೇಜಲ್ಲೇ ಬಿಟ್ಟು ಬರಬೇಡಿ, ಹೋಲಿಸೋಕೆ ಅದೇ ಬೇಕು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಉದ್ದ ನೋಡಿ ಸಮ ಇದೆ ಅನ್ನೋದು ಸಾಲದು, ಉದ್ದ ಒಂದೇ ಇದ್ದು ಗಡಸು ಬೇರೆ ಇರಬಹುದು. ವರ್ನಿಯರಲ್ಲಿ (ದಪ್ಪ ನಿಖರವಾಗಿ ಅಳೆಯೋ ಸಾಧನ) ತಂತಿಯ ದಪ್ಪ ಅಳೀರಿ, ಸುತ್ತು ಎಣಿಸಿ, ಸುತ್ತಿನ ಅಗಲ ನೋಡಿ. ತಂತಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಸ್ಪ್ರಿಂಗ್ ಗಡಸಾಗುತ್ತೆ, ಅಂದ್ರೆ 12.5 ಮಿಮೀ ಇರಬೇಕಾದ ಕಡೆ 13 ಮಿಮೀ ತಂತಿ ಬಂದ್ರೆ, ಬೇರೆಲ್ಲಾ ಒಂದೇ ಇದ್ರೂ ಸುಮಾರು 17 ಪರ್ಸೆಂಟ್ ಗಡಸು. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣಲ್ಲ, ಆದ್ರೆ ಗಾಡಿ ಎದ್ದು ನಿಲ್ಲುತ್ತೆ. ಬಣ್ಣ ಇದ್ರೆ ಅದನ್ನ ಬಿಟ್ಟು ಅಳೀರಿ, ತುಕ್ಕು ಹಿಡಿದ ಜಾಗದಲ್ಲಿ ಅಳೀಬೇಡಿ.

ನಮ್ಮಲ್ಲಿ ಸಾಮಾನ್ಯವಾಗಿ ಆಗೋ ಎಡವಟ್ಟು ಪೆಟ್ರೋಲ್ ಗಾಡಿಗೆ ಡೀಸೆಲ್ ಸ್ಪ್ರಿಂಗ್ ಬರೋದು, ಅಥವಾ ಅದರ ಉಲ್ಟಾ. ಡೀಸೆಲ್ ಇಂಜಿನ್ ತೂಕ ಜಾಸ್ತಿ, ಅದಕ್ಕೆ ಮುಂದಿನ ಸ್ಪ್ರಿಂಗೇ ಬೇರೆ. ಸಣ್ಣ ಹ್ಯಾಚ್‌ಬ್ಯಾಕಲ್ಲಿ ಅಂದಾಜು ಹೇಳೋದಾದ್ರೆ ಮುಂದಿನ ಒಂದು ಸ್ಪ್ರಿಂಗಿನ ಮೇಲೆ 2 ರಿಂದ 2.5 ಕೆಜಿ ಬಿದ್ರೆ 1 ಮಿಮೀ ಇಳಿಯುತ್ತೆ, ಹಾಗಾಗಿ ಒಂದೊಂದು ಮೂಲೇಲಿ 40 ಕೆಜಿ ಲೆಕ್ಕ ತಪ್ಪಿದ್ರೆ 16 ರಿಂದ 20 ಮಿಮೀ ವ್ಯತ್ಯಾಸ. ಬುಷ್ ಸಡಿಲಿಸಿದ ಮೇಲೂ ಎರಡೂ ಕಡೆ ಸಮನಾಗಿ ಎದ್ದಿದ್ರೆ ಅಥವಾ ಸಮನಾಗಿ ಕೂತಿದ್ರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಸ್ಪ್ರಿಂಗ್ ಮೇಲೆ ಹಾಕಿರೋ ಬಣ್ಣದ ಗುರುತು, ಪಾರ್ಟ್ ನಂಬರ್ ಚೀಟಿ ಫೋಟೋ ತೆಗೆದಿಟ್ಕೊಂಡು ಚಾಸಿ ನಂಬರ್ ಜೊತೆ ಅಂಗಡೀಲಿ ತಾಳೆ ನೋಡ್ಸಿ, ಮಾಡೆಲ್ ಹೆಸರು ಹೇಳಿ ತರಿಸಿದ್ರೆ ಹೀಗೇ ಆಗೋದು. ಕೆಲವು ಗಾಡಿಗಳಲ್ಲಿ ಎಡಕ್ಕೆ ಬೇರೆ ನಂಬರ್, ಬಲಕ್ಕೆ ಬೇರೆ ನಂಬರ್ ಇರುತ್ತೆ, ಅದಲುಬದಲಾದ್ರೆ ಗಾಡಿ ವಾಲುತ್ತೆ. ಒಂದೇ ಕಡೆ ಹೊಸ ಸ್ಪ್ರಿಂಗ್ ಹಾಕ್ಸೋದಂತೂ ಬೇಡವೇ ಬೇಡ, ಹಾಕಿದ್ರೆ ಜೋಡಿ.

ಸ್ಪ್ರಿಂಗ್ ಸರಿಯಿದ್ದೂ ಕೂತಿರೋ ರೀತಿ ತಪ್ಪಿರಬಹುದು. ಕೆಳಗಿನ ಬಟ್ಟಲಲ್ಲಿ ಒಂದು ಮೆಟ್ಟಿಲಿನ ಹಾಗೆ ಇರುತ್ತೆ, ಸ್ಪ್ರಿಂಗಿನ ತುದಿ ಅದಕ್ಕೆ ಹೊಂದಿಕೊಂಡು ನಿಲ್ಲಬೇಕು. ಸುತ್ತಿ ಆ ಮೆಟ್ಟಿಲು ಹತ್ತಿ ಕೂತಿದ್ರೆ ತಂತಿ ದಪ್ಪದಷ್ಟು ಎತ್ತರ ಜಾಸ್ತಿ ಆಗುತ್ತೆ, ಓಡಿಸುವಾಗ ಸ್ಟೀರಿಂಗ್ ತಿರುಗಿಸಿದ್ರೆ "ಟಣ್" ಅಂತ ಸದ್ದೂ ಬರುತ್ತೆ. ಒಂದು ಟಾರ್ಚ್ ಹಿಡಿದು ಚಕ್ರದ ಸಂದೀಲಿ ನೋಡಿದ್ರೆ ಕಾಣುತ್ತೆ, ಏನೂ ಬಿಚ್ಚೋದು ಬೇಡ. ಹಿಂದಿನ ಸ್ಪ್ರಿಂಗ್ ಕೆಲವಕ್ಕೆ ಮೇಲೆ ಕೆಳಗೆ ಅಂತ ಇರುತ್ತೆ, ಒಂದು ತುದಿ ಕಿರಿದು ಇನ್ನೊಂದು ಅಗಲ, ಉಲ್ಟಾ ಹಾಕಿದ್ರೆ ಸರಿಯಾಗಿ ಕೂರಲ್ಲ.

ಮೇಲೆ ಕೆಳಗೆ ಇರೋ ರಬ್ಬರ್ ಪ್ಯಾಡ್ ಮರೆಯೋದೂ ಉಂಟು. ಹಳೇದು ಬಟ್ಟಲಿಗೆ ಅಂಟ್ಕೊಂಡಿದ್ದು ಗೊತ್ತಾಗದೆ ಅದರ ಮೇಲೇ ಹೊಸದು ಇಟ್ರೆ ಎತ್ತರ, ಹಳೇದು ಕಿತ್ತು ಬಿಸಾಕಿ ಹೊಸದು ಹಾಕದೇ ಇದ್ರೆ ಗಿಡ್ಡ. ಮುಂದೆ ಸ್ಟ್ರಟ್ (ಶಾಕಪ್ಪು, ಅದರ ಸುತ್ತ ಸ್ಪ್ರಿಂಗು ಸೇರಿ ಒಂದೇ ಸೆಟ್) ಇರೋ ಗಾಡೀಲಿ ಪ್ಯಾಡ್ ದಪ್ಪ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಎತ್ತರ ಬದಲಾಗುತ್ತೆ. ಹಿಂದೆ ಸ್ಪ್ರಿಂಗು ಚಕ್ರಕ್ಕಿಂತ ಮುಂದೆ ಬೀಮ್ ಮೇಲೆ ಕೂತಿದ್ರೆ 5 ಮಿಮೀ ಪ್ಯಾಡು ಚಕ್ರದ ಹತ್ರ ಇನ್ನೂ ಜಾಸ್ತಿಯಾಗಿ ಕಾಣುತ್ತೆ.

ಸ್ಟ್ರಟ್ ಮೇಲಿನ ಮೌಂಟು, ಬೇರಿಂಗು, ವಾಷರ್ ಇವು ಯಾವುದರ ಮೇಲೆ ಯಾವುದು ಅಂತ ಕ್ರಮ ತಪ್ಪಿದ್ರೂ, ಬೇರೆ ಮಾಡೆಲ್ ಮೌಂಟ್ ಹಾಕಿದ್ರೂ ಎತ್ತರ ಹೋಗುತ್ತೆ. ಫೋಕ್ಸ್‌ವ್ಯಾಗನ್ ಪೋಲೋ ತರದ ಗಾಡಿಗಳಲ್ಲಿ ಸ್ಟ್ರಟ್ಟಿನ ಕೊಳವೆ ನಕಲ್ (knuckle, ಚಕ್ರದ ಹಬ್ ಹಿಡಿದಿರೋ ಭಾಗ) ಒಳಗೆ ಇಳಿದು ಒಂದು ಬೋಲ್ಟಲ್ಲಿ ಬಿಗಿಯಾಗುತ್ತೆ, ಪೂರ್ತಿ ತಳಕ್ಕೆ ಇಳಿಸದೆ ಬಿಗಿದ್ರೆ ಎಷ್ಟು ಉಳಿಯಿತೋ ಅಷ್ಟು ಗಾಡಿ ಮೇಲೆ. ಎರಡು ಬೋಲ್ಟಿನ ಸ್ಟ್ರಟ್ಟಲ್ಲಿ ಈ ತೊಂದರೆ ಇಲ್ಲ. ಇಲ್ಲೇ ಹೇಳ್ಬಿಡ್ತೀನಿ, ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಸ್ಟ್ರಟ್ ಮೇಲಿನ ನಡುವಿನ ನಟ್ ಮುಟ್ಟಬೇಡಿ, ಅದುಮಿಟ್ಟ ಸ್ಪ್ರಿಂಗ್ ಹಾರಿದ್ರೆ ಜೀವಕ್ಕೇ ಅಪಾಯ. ಆ ಕೆಲಸ ಸಾಮಾನಿರೋ ಗ್ಯಾರೇಜಿಗೇ ಬಿಡಿ.

ಒಂದೇ ಕಡೆ ವಾಲಿದ್ರೆ

ಇದು ಸ್ವಲ್ಪ ತಲೆ ತಿನ್ನೋ ವಿಷಯ, ಯಾಕಂದ್ರೆ ತಪ್ಪು ಇರೋ ಮೂಲೇಲೇ ಕಾಣಬೇಕು ಅಂತೇನಿಲ್ಲ. ನಾಲ್ಕು ಕಾಲಿನ ಮಣೆಗೆ ಒಂದು ಕಾಲು ಉದ್ದ ಆದ್ರೆ ಇಡೀ ಮಣೆಯೇ ಹೊಯ್ದಾಡುತ್ತಲ್ಲ, ಹಾಗೆ ಮುಂದಿನ ಎಡ ಎದ್ರೆ ಹಿಂದಿನ ಬಲ ಕೂತ ಹಾಗೆ ಕಾಣುತ್ತೆ. ನಾಲ್ಕೂ ಅಳತೆ ಬರ್ಕೊಳ್ಳಿ ಅಂದಿದ್ದು ಇದಕ್ಕೇ.

ಮೊದ್ಲು ಫೆಂಡರನ್ನೇ ನಂಬಬಹುದಾ ನೋಡಿ. ಯಾವಾಗಲೋ ಗುದ್ದಿಸಿ ಟಿಂಕರಿಂಗ್ ಮಾಡಿಸಿದ್ರೆ ಫೆಂಡರ್ ಅಂಚೇ 8-10 ಮಿಮೀ ಮೇಲೆ ಕೆಳಗೆ ಇರುತ್ತೆ. ಬಾಗಿಲ ಕೆಳಗಿನ ಜಾಕಿ ಪಾಯಿಂಟಿಂದ ನೆಲಕ್ಕೆ ಎಡ ಬಲ ಅಳೆದು ನೋಡಿ, ಅಲ್ಲಿ ಸಮ ಇದ್ರೆ ಸಸ್ಪೆನ್ಶನ್ ಬೈಯೋದು ಬಿಡಿ.

ಆಮೇಲೆ ಸ್ಟೆಬಿಲೈಜರ್ ಬಾರ್, ಅಂದ್ರೆ ಎಡ ಬಲ ಚಕ್ರದ ಕಡೆ ಸೇರಿಸಿ ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಸಲಾಕೆ. ಅದರ ಲಿಂಕ್ ರಾಡ್ ಎರಡೂ ಒಂದೇ ಉದ್ದ ಇದೆಯಾ ನೋಡಿ, ಬೇರೆ ಬೇರೆ ಕಂಪನಿದು ಒಂದೊಂದು ಹಾಕಿದ್ರೆ ಉದ್ದ ತಪ್ಪಿ ಬಾರ್ ತಿರುಚಿಕೊಂಡು ಗಾಡೀನ ಒಂದು ಕಡೆ ಎಳೆಯುತ್ತೆ. ಎರಡೂ ಚಕ್ರ ಸಮ ಭಾರದಲ್ಲಿ ನಿಂತಿರೋವಾಗ ಒಂದು ಲಿಂಕ್ ಬಿಚ್ಚಿ ನೋಡಿ, ಸುಲಭವಾಗಿ ಈಚೆ ಬಂದು ಬೋಲ್ಟ್ ತೂತಿಗೆ ನೇರ ನಿಂತ್ರೆ ಬಾರ್ ಸರಿಯಿದೆ, ಜಿಗಿದು ಪಕ್ಕಕ್ಕೆ ಹೋದ್ರೆ ಅಥವಾ ಗಾಡಿ ನೆಟ್ಟಗಾದ್ರೆ ಅಲ್ಲೇ ಇದೆ ತಪ್ಪು.

ಅದೂ ಸರಿಯಿದ್ರೆ ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಸಿ ನೋಡಿ, ಎರಡೂ ಒಂದೇ ಪಾರ್ಟ್ ನಂಬರ್ ಆಗಿದ್ರೆ ಮಾತ್ರ. ವಾಲೋದು ಜಾಗ ಬದಲಾಯಿಸಿದ್ರೆ ಸ್ಪ್ರಿಂಗ್ ದೋಷ, ಅಂಗಡಿಗೆ ವಾಪಸ್ ಕೊಡೋಕೆ ಇದಕ್ಕಿಂತ ಸಾಕ್ಷಿ ಬೇಡ. ಅಲ್ಲೇ ಉಳಿದ್ರೆ ಬುಷ್ಷು, ಬಗ್ಗಿದ ಆರ್ಮು, ಮೌಂಟು ಇಲ್ಲಾ ಬಾಡಿ.

ಹಳೇ ಕ್ವಾಲಿಸ್, ಓಮ್ನಿ ಇದ್ರೆ

ಕ್ವಾಲಿಸ್ ಮುಂದೆ ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಶನ್ ಬಾರ್, ಅಂದ್ರೆ ಉದ್ದ ಕಬ್ಬಿಣದ ಸಲಾಕೆ ತಿರುಚೋ ಬಲದಲ್ಲೇ ಗಾಡಿ ನಿಲ್ಲುತ್ತೆ. ಆರ್ಮ್ ಬಿಚ್ಚಿ ಹಾಕುವಾಗ ಬಾರಿನ ಹಲ್ಲು ಒಂದು ಮನೆ ಆಚೀಚೆ ಆದ್ರೂ ಎತ್ತರ ತುಂಬಾ ಬದಲಾಗುತ್ತೆ, ಬಿಚ್ಚೋ ಮುಂಚೆ ಗುರುತು ಹಾಕಿರಬೇಕು. ಸಣ್ಣ ವ್ಯತ್ಯಾಸ ಅಡ್ಜಸ್ಟಿಂಗ್ ಬೋಲ್ಟಲ್ಲಿ ಸರಿಮಾಡಬಹುದು, ಹಾಗಂತ ಕುಸಿದ ಬಾರನ್ನ ಬೋಲ್ಟಲ್ಲಿ ಎಳೆದು ಎಳೆದು ನಿಲ್ಲಿಸಿದ್ರೆ ಚಕ್ರ ಕೆಳಗೆ ಇಳಿಯೋಕೆ ಜಾಗವೇ ಉಳಿಯಲ್ಲ, ಹಂಪ್ ದಾಟಿದ ಮೇಲೆ ಧಡ್ ಅಂತ ಬಡಿಯುತ್ತೆ. ಓಮ್ನಿ, ಬೊಲೆರೋ ಹಿಂದಿನ ಬ್ಲೇಡ್ ಸೆಟ್ಟಲ್ಲಿ (ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಶಾಕಲ್, ಅಂದ್ರೆ ಅದನ್ನ ಬಾಡಿಗೆ ಸೇರಿಸೋ ಕೊಂಡಿಯ ಬುಷ್ ಬೋಲ್ಟನ್ನೂ ಭಾರ ಬಿದ್ದ ಮೇಲೇ ಬಿಗೀಬೇಕು, ಎಡ ಬಲ ಬ್ಲೇಡ್ ಎಣಿಕೆ ಸಮ ಇದೆಯಾ ನೋಡಿ.

ಸರಿಯಾದ್ಮೇಲೆ ಬಿಡಬಾರದ್ದು

ಎತ್ತರ ಸರಿ ಬಂದ ನಂತರವೇ ವೀಲ್ ಅಲೈನ್‌ಮೆಂಟ್, ಮುಂಚೆ ಮಾಡಿಸಿದ್ರೆ ಆ ದುಡ್ಡು ವೇಸ್ಟ್. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಂದ ಒಂದು ಸಣ್ಣ ಸ್ಪ್ರಿಂಗ್ ಅಥವಾ ಕಡ್ಡಿ ಮೇಲಿರೋ ಬ್ರೇಕ್ ವಾಲ್ವಿಗೆ ಹೋಗಿರುತ್ತೆ, ಲೋಡ್ ಎಷ್ಟಿದೆ ಅಂತ ಅದು ಹಿಂದಿನ ಎತ್ತರದಿಂದಲೇ ತಿಳ್ಕೊಳ್ಳುತ್ತೆ. ಹಿಂದೆ ಎದ್ದಿದ್ರೆ ಗಾಡಿ ಖಾಲಿ ಅಂತ ಅಂದ್ಕೊಂಡು ಹಿಂದಿನ ಬ್ರೇಕ್ ಕಮ್ಮಿ ಕೊಡುತ್ತೆ, ಆದ್ದರಿಂದ ಅದನ್ನ ಸೆಟ್ ಮಾಡ್ಸಿ. ಗ್ಯಾರೇಜಲ್ಲಿ ಕೆಲಸ ಒಪ್ಪಿಸುವಾಗಲೇ ಒಂದು ಮಾತು ಹೇಳಿ: "ಅಣ್ಣ, ಆರ್ಮ್ ಬೋಲ್ಟು, ಬೀಮ್ ಬೋಲ್ಟು ಗಾಡಿ ಕೆಳಗಿಳಿಸಿ ಭಾರ ಬಿದ್ಮೇಲೆ ಫೈನಲ್ ಟೈಟ್ ಮಾಡಿ." ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಕೆಲಸಕ್ಕೆ ಬಿಡೋ ಹಿಂದಿನ ದಿನವೇ ನಾಲ್ಕೂ ಮೂಲೆ ಅಳೆದು ಬರ್ದಿಟ್ಕೊಂಡ್ರೆ ಆಮೇಲೆ ವಾದಕ್ಕೇ ಜಾಗ ಇರಲ್ಲ.

ಹೊಸ ಸ್ಪ್ರಿಂಗ್ ಹಾಕಿ ಸುಮಾರು 500 ಕಿಮೀ ಓಡಿದ್ಮೇಲೆ, ಮೈಸೂರು ಬೆಂಗಳೂರು ಒಂದೆರಡು ಸಲ ಹೋಗಿ ಬಂದ್ರೆ ಅಷ್ಟಾಗುತ್ತೆ, ಅದೇ ಮಟ್ಟದ ಜಾಗದಲ್ಲಿ ಅದೇ ಗೆರೆಗೆ ಇನ್ನೊಂದ್ಸಲ ಅಳೀರಿ. ಎರಡೂ ಕಡೆ ಸಮನಾಗಿ ಕೆಲವು ಮಿಮೀ ಇಳಿದಿದ್ರೆ ಅದೇ ಕೂತ್ಕೊಳ್ಳೋದು ಅಂದ್ರೆ. ಒಂದೇ ಕಡೆ ಇಳೀತಾ ಇದ್ರೆ ವಾರಂಟಿ ಮುಗಿಯೋ ಮುಂಚೆ ಆ ಸ್ಪ್ರಿಂಗ್ ವಾಪಸ್ ಕೊಡಿ, ಹೆಡ್‌ಲೈಟನ್ನೂ ಆಗಲೇ ಗೋಡೆಗೆ ಬಿಟ್ಟು ಸೆಟ್ ಮಾಡಿಸ್ಕೊಳ್ಳಿ.